ಒಂದು ಪುಟ ಬಿಟ್ಟೆಯಲ್ಲ, ಕೂಸೆ

ಅಡಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ರಾತ್ರಿ ಬೇಗ ಮುಗಿಯುತ್ತಿರಲಿಲ್ಲ. ಸಾಗರದ ಕಡೆಯ ತೋಟದ ಮನೆಗಳಲ್ಲಿ ಬೆಳೆದವರಿಗೆ ಆ ದಿನಗಳು ಗೊತ್ತಿರುತ್ತವೆ. ಕೊನೆಗೌಡ ಹಗಲೆಲ್ಲ ಮರದಿಂದ ಮರಕ್ಕೆ ಜೋಲಿ ಹೊಡೆದು ಕೊನೆ ಇಳಿಸಿರುತ್ತಿದ್ದ. ಸಂಜೆಯ ಹೊತ್ತಿಗೆ ಅಂಗಳದ ಚಪ್ಪರದಡಿ ಹಸಿ ಅಡಕೆಯ ರಾಶಿ ಸೊಂಟದೆತ್ತರಕ್ಕೆ ಬೆಳೆದಿರುತ್ತಿತ್ತು. ಊಟ ಮುಗಿಸಿ ಎಂಟು ಗಂಟೆಗೆಲ್ಲ ಹೆಂಗಸರು ಅಡಕೆ ಸುಲಿಯುವ ಮೆಟ್ಟುಕತ್ತಿಯ ಮುಂದೆ ಕೂರುತ್ತಿದ್ದರು. ನಮ್ಮ ಮನೆಯವರು, ಪಕ್ಕದ ಮನೆಯವರು, ಕೇರಿಯಿಂದ ಬಂದವರು, ಎಲ್ಲರೂ. ಸಿಪ್ಪೆ ಸೀಳುವ ಸದ್ದು, ಸುಲಿದ ಅಡಕೆ ಡಬ್ಬಕ್ಕೆ ಬೀಳುವ ಸದ್ದು, ಅತ್ತ ಒಲೆಯ ಮೇಲೆ ಹಂಡೆಯಲ್ಲಿ ಅಡಕೆ ಬೇಯುವ ಕಪ್ಪು ನೀರು, ಚೊಗರು, ಕುದಿಯುವ ಸದ್ದು. ಇವುಗಳ ನಡುವೆ ಒಂದು ಸ್ಟೂಲಿನ ಮೇಲೆ ಬಲ್ಬಿನ ನೇರ ಕೆಳಗೆ ಕುಳಿತು ನಾನು ಕಾದಂಬರಿ ಓದುತ್ತಿದ್ದೆ, ಗಟ್ಟಿಯಾಗಿ.

ನನ್ನ ಕೈಗೆ ಮೆಟ್ಟುಕತ್ತಿ ಕೊಡುವಷ್ಟು ನಾನು ಬೆಳೆದಿರಲಿಲ್ಲ. ಆದರೆ ಅಕ್ಷರ ತೊದಲದೆ ಓದುತ್ತಿದ್ದೆ. ಹಾಗಾಗಿ ಅಜ್ಜಿ ನನಗೆ ಈ ಕೆಲಸ ಹಚ್ಚಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಕಥೆಯ ಹಸಿವು ಮಾತ್ರ ಕಡಿಮೆಯಾಗಿರಲಿಲ್ಲ. ಪಂಚಾಯಿತಿಯ ಗ್ರಂಥಾಲಯದಿಂದ ಅಪ್ಪ ತರುತ್ತಿದ್ದ ಪುಸ್ತಕಗಳು, ವಾರಪತ್ರಿಕೆಗಳಿಂದ ಕತ್ತರಿಸಿ ಹೊಲಿದಿಟ್ಟ ಧಾರಾವಾಹಿಗಳು, ಯಾವುದಾದರೂ ಸರಿ. ತ್ರಿವೇಣಿ, ಎಂ.ಕೆ. ಇಂದಿರಾ, ತರಾಸು ಇವರನ್ನೆಲ್ಲ ನಾನು ಮೊದಲು ಓದಿದ್ದು ಹೀಗೆ, ಹತ್ತು ಹನ್ನೆರಡು ಜನರಿಗೆ ಕೇಳಿಸುವಷ್ಟು ದನಿ ಏರಿಸಿ. ಒಬ್ಬಳೇ ಮೂಲೆಯಲ್ಲಿ ಕುಳಿತು ಮನಸ್ಸಿನೊಳಗೆ ಓದಿಕೊಳ್ಳುವುದು ನನಗೆ ಆಮೇಲೆ ಬಂದ ಅಭ್ಯಾಸ.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ಕಾದಂಬರಿ ಸಿನಿಮಾ ಆದಾಗಲೆಲ್ಲ ನಮ್ಮಲ್ಲಿ ಒಂದೇ ಮಾತು ಹುಟ್ಟುತ್ತದೆ: ಪುಸ್ತಕದಷ್ಟು ಚೆನ್ನಾಗಿಲ್ಲ, ಮೂಲಕ್ಕೆ ನಿಷ್ಠೆಯಿಂದಿಲ್ಲ. ನಾನೂ ಎಷ್ಟೋ ವರ್ಷ ಹಾಗೆಯೇ ಹೇಳಿಕೊಂಡು ಬಂದವಳು. ಈಗ ನನಗೆ ಸಿನಿಮಾ ಬೇರೆ ಥರ ಕಾಣುತ್ತದೆ. ಅದು ಯಾರೋ ಒಬ್ಬರು ಚಪ್ಪರದಡಿಯ ಸ್ಟೂಲಿನ ಮೇಲೆ ಕುಳಿತು ನನಗೆ ಆ ಪುಸ್ತಕವನ್ನು ಓದಿ ಹೇಳುವುದು. ಅವರ ದನಿ ಹೇಗಿದೆ, ಎಲ್ಲಿ ನಿಲ್ಲಿಸಿದರು, ಎಲ್ಲಿ ಓಡಿದರು, ಯಾವ ಪುಟವನ್ನು ಬಿಟ್ಟರು ಎಂದು ಕೇಳಿಕೊಳ್ಳುತ್ತೇನೆ. ಪುಟ ಬಿಡುವುದು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ನಾನೂ ಬಿಟ್ಟಿದ್ದೇನೆ.

ಅದು 'ಫಣಿಯಮ್ಮ' ಓದುತ್ತಿದ್ದ ವರ್ಷ. ನಾನು ಎಂಟನೇ ತರಗತಿ. ಎಂ.ಕೆ. ಇಂದಿರಾ ನಮ್ಮ ಜಿಲ್ಲೆಯದೇ ತೀರ್ಥಹಳ್ಳಿಯ ಕಡೆಯವರು. ಹಾಗಾಗಿ ಆ ಪುಸ್ತಕದ ಮನೆ, ಅಡುಗೆ, ಜಗಲಿ, ಮಾತು ಯಾವುದನ್ನೂ ನಮಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮಗುವಾಗಿದ್ದಾಗ ಮದುವೆಯಾಗಿ, ಮಗುವಾಗಿದ್ದಾಗಲೇ ವಿಧವೆಯಾಗಿ, ನೂರು ವರ್ಷ ದಾಟಿ ಬದುಕಿದ ಹೆಂಗಸಿನ ಕಥೆ ಅದು. ಇಂದಿರಾ ತಮ್ಮದೇ ಮನೆತನದ ಹಿರಿಯಜ್ಜಿಯೊಬ್ಬರ ಬದುಕನ್ನು ತಾಯಿಯ ಬಾಯಿಂದ ಕೇಳಿ ಬರೆದರು. ಕೇಳಿ ಬರೆದದ್ದಕ್ಕೋ ಏನೋ ಗಟ್ಟಿಯಾಗಿ ಓದುವಾಗ ಅದರ ವಾಕ್ಯಗಳು ಬಾಯಿಗೆ ತಾವಾಗಿ ಒದಗಿ ಬರುತ್ತವೆ. ಇದನ್ನು ನಾನು ಬೇರೆ ಎಷ್ಟೋ ಒಳ್ಳೆಯ ಕಾದಂಬರಿಗಳ ಬಗ್ಗೆ ಹೇಳಲಾರೆ.

ಆದರೆ ನಮ್ಮ ಚಪ್ಪರದಡಿ ಒಬ್ಬ ಫಣಿಯಮ್ಮ ಕುಳಿತಿದ್ದಳು. ಅಜ್ಜನ ಸೋದರತ್ತೆ, ನಾವೆಲ್ಲ ದೊಡ್ಡಜ್ಜಿ ಎಂದು ಕರೆಯುತ್ತಿದ್ದವಳು. ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಸೆರಗು, ಒಪ್ಪೊತ್ತು ಊಟ. ಆಗಲೇ ಎಂಬತ್ತೈದು ದಾಟಿತ್ತು. ಉಳಿದವರಿಂದ ಮಾರು ದೂರ ಮಣೆ ಹಾಕಿಕೊಂಡು, ಕತ್ತಿಯ ಮುಂದೆ ಬೆನ್ನು ಬಾಗಿಸಿ ಅಡಕೆ ಸುಲಿಯುತ್ತಿದ್ದಳು. ಎಲ್ಲರಿಗಿಂತ ನಿಧಾನ, ಆದರೆ ಒಂದು ಅಡಕೆಗೂ ಗಾಯವಾಗುತ್ತಿರಲಿಲ್ಲ. ಮಾತು ಕಡಿಮೆ. ಕಥೆ ಕೇಳುತ್ತಾಳೋ ಇಲ್ಲವೋ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಫಣಿಯಮ್ಮ ಮೈನೆರೆದ ಮೇಲೆ ಅವಳ ಕೂದಲು ತೆಗೆಸುವ ಭಾಗ ಬರುತ್ತದೆಂದು ನನಗೆ ಗೊತ್ತಿತ್ತು. ಹಿಂದಿನ ದಿನ ಶಾಲೆಯಿಂದ ಬಂದು ಮುಂದಿನದನ್ನು ಕದ್ದು ಓದಿಬಿಟ್ಟಿದ್ದೆ. ಆ ರಾತ್ರಿ ಆ ಪುಟ ಹತ್ತಿರ ಬರುತ್ತಿದ್ದಂತೆ ನನ್ನ ಎದೆ ಹೊಡೆದುಕೊಳ್ಳತೊಡಗಿತು. ದೊಡ್ಡಜ್ಜಿಯ ಮುಂದೆ ಇದನ್ನು ಓದುವುದು ಹೇಗೆ? ಎಡಗೈಯ ಹೆಬ್ಬೆರಳಿನಿಂದ ಎರಡು ಹಾಳೆಗಳನ್ನು ಸೇರಿಸಿ ಹಿಡಿದು ಒಟ್ಟಿಗೆ ಮಗುಚಿದೆ. ದನಿಯನ್ನು ಒಂದಿಷ್ಟೂ ತಗ್ಗಿಸದೆ ಆಚೆಯ ಪ್ಯಾರಾದಿಂದ ಓದಿಕೊಂಡು ಹೋದೆ. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡೆ. ಅಜ್ಜಿ ಸುಮ್ಮನಿದ್ದಳು. ಅಮ್ಮ ಸುಲಿಯುತ್ತಲೇ ಇದ್ದಳು.

"ಒಂದು ಪುಟ ಬಿಟ್ಟೆಯಲ್ಲ, ಕೂಸೆ" ಎಂದಳು ದೊಡ್ಡಜ್ಜಿ.

ತಲೆ ಎತ್ತಿರಲಿಲ್ಲ. ಕೈಯೂ ನಿಂತಿರಲಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆ ಪುಸ್ತಕವನ್ನು ಹಿಂದೆ ಕೇಳಿಯೂ ಇರಲಿಲ್ಲ. ಆದರೆ ಕೂದಲಿದ್ದ ಹುಡುಗಿ ಇದ್ದಕ್ಕಿದ್ದಂತೆ ಸೆರಗು ಹೊದ್ದ ಹೆಂಗಸಾದರೆ ನಡುವೆ ಏನೋ ನಡೆದಿರಬೇಕು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ತಿಳಿಯುತ್ತದೆ? ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ನೆಲ ನೋಡಿದಳು. "ಓದು. ಅವಳಿಗೆ ಆದದ್ದನ್ನು ಓದು" ಎಂದಳು ದೊಡ್ಡಜ್ಜಿ ಮತ್ತೆ. ಹಾಳೆ ಹಿಂದಕ್ಕೆ ಮಗುಚಿ ಓದಿದೆ. ಓದುತ್ತಿದ್ದಂತೆ ಒಂದೊಂದೇ ಕತ್ತಿ ನಿಂತಿತು. ಕೊನೆಗೆ ಉಳಿದದ್ದು ಎರಡೇ ಸದ್ದು, ನನ್ನ ದನಿ ಮತ್ತು ದೊಡ್ಡಜ್ಜಿ ಅಡಕೆ ಸುಲಿಯುವ ಸದ್ದು. ಪುಟ ಮುಗಿದ ಮೇಲೆ ಅವಳು ಏನೂ ಹೇಳಲಿಲ್ಲ. ಡಬ್ಬ ತುಂಬಿತ್ತು. ಎತ್ತಿ ರಾಶಿಗೆ ಸುರಿದು ಬಂದು ಕುಳಿತಳು.

ಕೆಲವು ದಿನಗಳ ನಂತರ ಇನ್ನೊಂದು ಭಾಗ ಬಂದಿತು. ಕೇರಿಯ ಹೆಂಗಸೊಬ್ಬಳಿಗೆ ಹೆರಿಗೆ ಕಷ್ಟವಾದಾಗ ಫಣಿಯಮ್ಮ ಮಡಿಯನ್ನೂ ಮೈಲಿಗೆಯನ್ನೂ ಬದಿಗಿಟ್ಟು ರಾತ್ರಿ ಹೋಗಿ, ತನ್ನ ಸಣ್ಣ ಕೈಯಿಂದ ಮಗುವನ್ನು ತೆಗೆಯುವ ಭಾಗ. ನಮ್ಮ ಅಡಕೆ ಸುಲಿಯಲು ಬರುತ್ತಿದ್ದ ಕೇರಿಯ ಹೆಂಗಸೊಬ್ಬಳು ಕತ್ತಿಯಿಂದ ಕೈ ತೆಗೆದು, ಚೊಗರು ಹತ್ತಿ ಕಪ್ಪಾದ ತನ್ನ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. "ಅದನ್ನು ಇನ್ನೊಂದು ಸಲ ಓದಿ ಅಮ್ಮಾ" ಎಂದಳು. ಓದಿದೆ. ಆ ಚಪ್ಪರದಡಿ ಯಾರು ಎಲ್ಲಿ ಕೂರಬೇಕೆಂಬುದು ಆ ರಾತ್ರಿಯ ನಂತರವೂ ಬದಲಾಗಲಿಲ್ಲ. ಆದರೂ ಅವಳು ಹಾಗೆ ಕೇಳಿದ್ದು, ನಾನು ಎರಡನೇ ಸಲ ಓದಿದ್ದು ನನಗೆ ಬಹಳ ದೊಡ್ಡದು.

ಪ್ರೇಮಾ ಕಾರಂತರು 1983ರಲ್ಲಿ ಮಾಡಿದ 'ಫಣಿಯಮ್ಮ' ಸಿನಿಮಾವನ್ನು ನಾನು ನೋಡಿದ್ದು ಇದಾಗಿ ಬಹಳ ವರ್ಷಗಳ ಮೇಲೆ. ಆಗ ದೊಡ್ಡಜ್ಜಿ ಇರಲಿಲ್ಲ. ಎಲ್.ವಿ. ಶಾರದಾ ಅವರ ಮುಖದ ಮೇಲೆ ಆ ಮೌನವನ್ನು ಕಂಡಾಗ ಇದು ನನಗೆ ಗೊತ್ತಿರುವ ಮೌನ ಎನ್ನಿಸಿತು. ದೊಡ್ಡಜ್ಜಿಯೂ ಹಾಗೆಯೇ ದೃಷ್ಟಿ ತಗ್ಗಿಸುತ್ತಿದ್ದಳು. ಅದರಲ್ಲಿ ನಾಚಿಕೆಯೂ ಇರುತ್ತಿರಲಿಲ್ಲ, ಸೋಲೂ ಇರುತ್ತಿರಲಿಲ್ಲ. ಹೆಂಗಸು ಬರೆದ ಕಥೆಯನ್ನು ಹೆಂಗಸೊಬ್ಬಳು ಓದಿ ಹೇಳುತ್ತಿದ್ದಳು. ಅದರ ಬಿಸಿ ಆ ಸಿನಿಮಾದಲ್ಲಿದೆ. ಆದರೆ ಸಿನಿಮಾ ನಿಲ್ಲಲಿಲ್ಲ. ಇನ್ನೊಂದು ಸಲ ಓದಿ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ, ಕೇಳಿದ್ದರೂ ಅದಕ್ಕೆ ಕೇಳಿಸುತ್ತಿರಲಿಲ್ಲ. ಸಿನಿಮಾದ ಬಗ್ಗೆ ನನಗಿರುವ ಒಂದೇ ದೊಡ್ಡ ತಕರಾರು ಇದು.

ಕೂದಲು ತೆಗೆಸುವ ಆ ಪುಟವನ್ನು ಬಿಡದೆ ಓದಿದ ಇನ್ನೊಬ್ಬರಿದ್ದಾರೆ. ಗಿರೀಶ ಕಾಸರವಳ್ಳಿ 1977ರಲ್ಲಿ ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯನ್ನು ಸಿನಿಮಾ ಮಾಡಿದಾಗ ಅವರಿಗೆ ಇಪ್ಪತ್ತಾರು ಇಪ್ಪತ್ತೇಳು ವರ್ಷ. ಅವರ ಮೊದಲ ಚಿತ್ರ, ಮೊದಲ ಚಿತ್ರಕ್ಕೇ ಸ್ವರ್ಣಕಮಲ, ಅಂದರೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬೇರೆ ಬೇರೆ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ತೋರಿಸುತ್ತಿದ್ದ ಕಾಲವಿತ್ತಲ್ಲ, ಆಗ ಒಂದು ಭಾನುವಾರ ಅಜ್ಜಿಯ ಜೊತೆ ಪಕ್ಕದ ಮನೆಯಲ್ಲಿ ಕುಳಿತು ಅದನ್ನು ನೋಡಿದೆ. ವೇದ ಕಲಿಯಲು ಉಡುಪರ ಪಾಠಶಾಲೆಗೆ ಬಂದ ಹುಡುಗ ನಾಣಿ. ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಬಸುರಾಗುತ್ತಾಳೆ. ಊರು ಅವಳನ್ನು ಹೊರಗೆ ಹಾಕುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಗಡಿಗೆ ಒಡೆದು ಶ್ರಾದ್ಧ ಮಾಡುತ್ತಾನೆ. ಕಥೆಯ ಕಣ್ಣು ನಾಣಿಯದು, ಸಿನಿಮಾದ ಕಣ್ಣೂ ಅವನದೇ. ಏನು ನಡೆಯುತ್ತಿದೆ ಎಂದು ಅರ್ಧ ಮಾತ್ರ ತಿಳಿಯುವ ಕಣ್ಣು.

ಕೊನೆಯಲ್ಲಿ ಯಮುನಕ್ಕ ತಲೆ ಬೋಳಿಸಿಕೊಂಡು ಮರದ ಬುಡದಲ್ಲಿ ಒಬ್ಬಳೇ ಕುಳಿತಿರುತ್ತಾಳೆ. ನಾಣಿ ಅವಳನ್ನು ಬಿಟ್ಟು ಊರಿಗೆ ಹೋಗಬೇಕು. ಮೀನಾ ಕುಟ್ಟಪ್ಪ ಅವರ ಆ ಮುಖವನ್ನು ಕ್ಯಾಮೆರಾ ನೋಡುತ್ತದೆ, ನಾವೂ ನೋಡುತ್ತೇವೆ, ಯಾರೂ ಏನೂ ಹೇಳುವುದಿಲ್ಲ. ಗಟ್ಟಿಯಾಗಿ ಓದುವವರಿಗೆ ಒಂದು ಕಷ್ಟವಿದೆ. ಇಂಥ ಕಡೆ ಬಾಯಿ ಮುಚ್ಚಲು ಆಗುವುದಿಲ್ಲ. ಓದುತ್ತಲೇ ಇರಬೇಕು, ದನಿ ಇಲ್ಲದಿದ್ದರೆ ಪುಸ್ತಕವೇ ಇಲ್ಲ. ಕಾಸರವಳ್ಳಿಯವರು ಅಲ್ಲಿ ಸುಮ್ಮನಾಗುತ್ತಾರೆ. ನನ್ನಿಂದ ಚಪ್ಪರದಡಿ ಆಗದೇ ಇದ್ದದ್ದು ಅದು. ಸಿನಿಮಾ ಮುಗಿದು ಜಾಹೀರಾತು ಶುರುವಾದ ಮೇಲೂ ಅಜ್ಜಿ ಎದ್ದಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ತೋಟದ ಸಂಕದ ಮೇಲೆ ನಿಂತು, "ಆ ಹುಡುಗ ಅವಳನ್ನು ಒಂದು ಮಾತಾಡಿಸಿ ಹೋಗಬೇಕಿತ್ತು" ಎಂದಳು. ಅವಳ ಸಿಟ್ಟು ಇದ್ದದ್ದು ಊರಿನ ಮೇಲೆಯೋ ಸಿನಿಮಾದ ಮೇಲೆಯೋ ನನಗೆ ಇಂದಿಗೂ ತಿಳಿದಿಲ್ಲ. 2024ರಲ್ಲಿ ಆ ಚಿತ್ರದ ಹಳೆಯ ಪ್ರತಿಯನ್ನು ದುರಸ್ತಿ ಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರೆಂದು ಓದಿದಾಗ, ಅಷ್ಟು ದೂರದ ಊರಿನಲ್ಲಿ ಕತ್ತಲೆಯಲ್ಲಿ ಕುಳಿತ ಜನ ಯಮುನಕ್ಕನ ಮುಖ ನೋಡುತ್ತಿರುವುದನ್ನು ಕಲ್ಪಿಸಿಕೊಂಡು ಕಣ್ಣು ತುಂಬಿತು.

ಅನಂತಮೂರ್ತಿಯವರ 'ಸಂಸ್ಕಾರ'ವನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. ಅದು ಕೈಗೆ ಬಂದದ್ದು ಶಿವಮೊಗ್ಗದಲ್ಲಿ ಕಾಲೇಜು ಓದುವಾಗ. ಬಾಗಿಲು ಹಾಕಿಕೊಂಡು ಓದಿದ ಮೊದಲ ಪುಸ್ತಕ. 1965ರಲ್ಲಿ ಬಂದ ಆ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ಸಿನಿಮಾ ಮಾಡಿದರು. ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ ಚಿತ್ರೀಕರಣ, ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಸೆನ್ಸಾರ್ ಮಂಡಳಿ ಮೊದಲು ಅದಕ್ಕೆ ಒಪ್ಪಿಗೆಯನ್ನೇ ಕೊಡಲಿಲ್ಲ. ಒಂದು ಪುಟವಲ್ಲ, ಇಡೀ ಪುಸ್ತಕವನ್ನೇ ಬಿಟ್ಟು ಮುಂದೆ ಹೋಗು ಎಂದ ಹಾಗೆ. ಆಮೇಲೆ ಅದೇ ಚಿತ್ರಕ್ಕೆ ಸ್ವರ್ಣಕಮಲ ಬಂತು. ಕಾದಂಬರಿಯಲ್ಲಿ ಆಚಾರ್ಯರು ತಮ್ಮೊಳಗೆ ತಾವೇ ಮಾತಾಡಿಕೊಳ್ಳುವುದು ಸಿನಿಮಾಕ್ಕೆ ಸಿಕ್ಕಿಲ್ಲ, ಸಿಕ್ಕುವಂಥದ್ದೂ ಅಲ್ಲ. ಆದರೆ ಹೆಣ ಬಿದ್ದಿರುವ ಅಗ್ರಹಾರದ ಬಿಸಿಲು, ಹಸಿದ ಬ್ರಾಹ್ಮಣರ ಮುಖಗಳು, ಮುಚ್ಚಿದ ಬಾಗಿಲುಗಳು, ಇವುಗಳನ್ನು ಕಪ್ಪು ಬಿಳುಪಿನಲ್ಲಿ ನೋಡಿದ ಮೇಲೆ ನನ್ನ ಪುಸ್ತಕದೊಳಗೂ ಅವೇ ಬಂದು ಕುಳಿತಿವೆ. ಈಗ ಪುಸ್ತಕ ತೆರೆದರೆ ಆಚಾರ್ಯರಿಗೆ ಕಾರ್ನಾಡರ ಮುಖವೇ. ಅದನ್ನು ಅಳಿಸಲು ನಾನು ಪ್ರಯತ್ನಿಸಿಲ್ಲ.

ಮುಖ ಹೀಗೆ ಅಂಟಿಕೊಂಡರೆ ನನಗೆ ಬೇಸರವಿಲ್ಲ. ಸದ್ದು ಅಂಟಿಕೊಂಡರಂತೂ ಸಂತೋಷ. 'ಚೋಮನ ದುಡಿ'ಯ ವಿಷಯದಲ್ಲಿ ಆದದ್ದು ಅದೇ. ಶಿವರಾಮ ಕಾರಂತರು 1933ರಲ್ಲಿ ಬರೆದ ಆ ಪುಸ್ತಕವನ್ನು ಚಪ್ಪರದಡಿ ಓದುವಾಗ ನನ್ನ ಕಿವಿಯಲ್ಲಿದ್ದದ್ದು ಡೊಳ್ಳು. ಘಟ್ಟದ ಕೆಳಗಿನ ದುಡಿಯನ್ನು ನಾನು ಕೇಳಿರಲಿಲ್ಲ, ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಚಂಡೆ ಮದ್ದಳೆ ಗೊತ್ತು, ಡೊಳ್ಳು ಗೊತ್ತು. ಚೋಮ ಸಿಟ್ಟು ಬಂದಾಗ ಬಡಿಯುವುದು, ದುಃಖ ಬಂದಾಗ ಬಡಿಯುವುದು, ಹೆಂಡ ಕುಡಿದು ಬಂದು ಬಡಿಯುವುದು ಎಲ್ಲವೂ ನನಗೆ ಜಾತ್ರೆಯ ಡೊಳ್ಳಿನ ಹಾಗೆ ಕೇಳಿಸುತ್ತಿತ್ತು. ಅದರಲ್ಲಿ ಸಂಭ್ರಮವಿತ್ತು. ಅಂದರೆ ನಾನು ಆ ಪುಸ್ತಕವನ್ನು ಇಷ್ಟು ಜನರಿಗೆ ತಪ್ಪು ದನಿಯಲ್ಲಿ ಓದಿ ಹೇಳಿದ್ದೆ.

ಬಿ.ವಿ. ಕಾರಂತರ 1975ರ ಸಿನಿಮಾ ನೋಡಿದ ದಿನ ಅದು ತಿಳಿಯಿತು. ದುಡಿಯ ಸದ್ದು ಒಣದಾಗಿತ್ತು, ಹತ್ತಿರದ್ದಾಗಿತ್ತು, ಯಾರನ್ನೂ ಕರೆಯುವಂತಿರಲಿಲ್ಲ. ಒಬ್ಬ ಮನುಷ್ಯ ತನ್ನ ಗುಡಿಸಲಿನೊಳಗೆ ತನಗಾಗಿ ಬಡಿದುಕೊಳ್ಳುವ ಸದ್ದು. ಚೋಮನಿಗೆ ಬೇಕಾದದ್ದು ಬೇಸಾಯ ಮಾಡಲು ಒಂದು ತುಂಡು ನೆಲ. ಎತ್ತುಗಳಿವೆ, ತೋಳಿದೆ, ನೆಲ ಮಾತ್ರ ಅವನ ಜಾತಿಯವನಿಗೆ ಸಿಗುವುದಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ, ಒಬ್ಬ ಜ್ವರದಲ್ಲಿ, ಒಬ್ಬ ಕಾಫಿ ತೋಟದಲ್ಲಿ ಮತ ಬದಲಿಸಿ, ಒಬ್ಬ ನೀರಿನಲ್ಲಿ. ಕೊನೆಗೆ ಮಗಳು ಬೆಳ್ಳಿಯೂ. ಎಂ.ವಿ. ವಾಸುದೇವರಾಯರು ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು, ಚಿತ್ರಕ್ಕೆ ಸ್ವರ್ಣಕಮಲವೂ ಬಂದಿತು. ನನಗೆ ನೆನಪಿರುವುದು ಅವರ ಬೆನ್ನು. ದುಡಿಯ ಮೇಲೆ ಬಾಗಿದ ಆ ಬೆನ್ನು ಮೆಟ್ಟುಕತ್ತಿಯ ಮೇಲೆ ಬಾಗಿದ ಬೆನ್ನುಗಳನ್ನೆಲ್ಲ ನೆನಪಿಸಿತು. ಎರಡು ವರ್ಷಗಳ ನಂತರ ಮೃಣಾಲ್ ಸೇನರು ಪ್ರೇಮಚಂದರ 'ಕಫನ್' ಕಥೆಯನ್ನು ತೆಲುಗಿನಲ್ಲಿ ಸಿನಿಮಾ ಮಾಡುವಾಗ ಇದೇ ವಾಸುದೇವರಾಯರನ್ನು ಕರೆದುಕೊಂಡು ಹೋದರು. ಹಿಂದಿಯ ಕಥೆ, ಬಂಗಾಳದ ನಿರ್ದೇಶಕ, ತೆಲುಗಿನ ಮಾತು, ಕನ್ನಡದ ನಟ. ಒಂದು ಒಳ್ಳೆಯ ಕಥೆಯನ್ನು ಎಷ್ಟು ಗಂಟಲುಗಳಾದರೂ ಓದಿ ಹೇಳಬಹುದು.

ಆ ಸಿನಿಮಾ ನೋಡಿದ ಮೇಲೆ ಪುಸ್ತಕವನ್ನು ಮತ್ತೆ ತೆಗೆದು ಕೊನೆಯ ಅಧ್ಯಾಯವನ್ನು ಒಬ್ಬಳೇ ಗಟ್ಟಿಯಾಗಿ ಓದಿಕೊಂಡೆ. ಈ ಸಲ ದನಿ ತಗ್ಗಿತ್ತು.

ತರಾಸು ಅವರ ವಿಷಯ ಬಂದರೆ ನಮ್ಮ ಮನೆಯಲ್ಲಿ ಜಗಳವೇ ಆಗುತ್ತಿತ್ತು. ಅಪ್ಪ ತರಾಸು ಪಕ್ಷ, ಅಮ್ಮ ಪುಟ್ಟಣ್ಣ ಕಣಗಾಲರ ಪಕ್ಷ. 'ನಾಗರಹಾವು', 'ಸರ್ಪಮತ್ಸರ' ಸೇರಿ ತರಾಸು ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ 1972ರಲ್ಲಿ ಮಾಡಿದ ಸಿನಿಮಾ 'ನಾಗರಹಾವು'. ಪುಟ್ಟಣ್ಣ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತರಾಸು ನೊಂದುಕೊಂಡ ಮಾತು ಈಗಲೂ ಜನರ ಬಾಯಲ್ಲಿದೆ. ನೊಂದುಕೊಳ್ಳಲು ಅವರಿಗೆ ಹಕ್ಕಿತ್ತು. ಅವರ ರಾಮಾಚಾರಿ ಒಳಗೊಳಗೇ ಬೇಯುವ ಹುಡುಗ, ಪುಟ್ಟಣ್ಣನವರ ರಾಮಾಚಾರಿ ಕೋಟೆಯ ಬಂಡೆಗಳ ಮೇಲೆ ನಿಂತು ಇಡೀ ಊರಿಗೆ ಕೇಳುವಂತೆ ಕೂಗುವವನು. ಆದರೆ ಚಾಮಯ್ಯ ಮೇಷ್ಟ್ರಾಗಿ ಅಶ್ವಥ್ ಅವರನ್ನು ನೋಡಿದ ಯಾರು ತಾನೇ ಆ ಮೇಷ್ಟ್ರನ್ನು ಮತ್ತೆ ಅಕ್ಷರಕ್ಕೆ ಮರಳಿಸಬಲ್ಲರು? ನಾನು ಅಮ್ಮನ ಪಕ್ಷವೇ. ಆದರೆ ಅಪ್ಪನ ಎದುರು ಅದನ್ನು ಹೇಳುತ್ತಿರಲಿಲ್ಲ.

ನಾನು ನಿಜವಾಗಿ ಎಡವಿದ್ದು 'ಗುಲಾಬಿ ಟಾಕೀಸ್'ನಲ್ಲಿ. ವೈದೇಹಿಯವರ ಆ ಕಥೆ ನನಗೆ ಬಾಯಿಪಾಠ ಎನ್ನುವಷ್ಟು ಪ್ರೀತಿಯದು. ಸಣ್ಣ ಊರಿಗೆ ಒಂದು ಟಾಕೀಸು ಬರುವುದು, ಸೂಲಗಿತ್ತಿ ಲಿಲ್ಲಿಬಾಯಿ, ಸಿನಿಮಾದ ನೆಪದಲ್ಲಿ ಮನೆಯ ಹೊಸಿಲು ದಾಟಿ ಬರುವ ಹೆಂಗಸರು, ಅವರೊಳಗೆ ಏಳುವ ಸಣ್ಣ ಸಣ್ಣ ಅಲೆಗಳು. 2008ರಲ್ಲಿ ಕಾಸರವಳ್ಳಿಯವರ ಸಿನಿಮಾ ಬಂದಾಗ ಓಡಿಹೋಗಿ ನೋಡಿದೆ. ಲಿಲ್ಲಿಬಾಯಿ ಇರಲಿಲ್ಲ. ಗುಲಾಬಿ ಎಂಬುದು ಟಾಕೀಸಿನ ಹೆಸರಾಗಿ ಉಳಿಯದೆ ಒಬ್ಬ ಹೆಂಗಸಿನ ಹೆಸರಾಗಿತ್ತು. ಮುಸ್ಲಿಂ ಸೂಲಗಿತ್ತಿ, ನೀರು ಸುತ್ತುವರಿದ ಮೀನುಗಾರರ ಕುದ್ರು, ಕಾರ್ಗಿಲ್ ಯುದ್ಧದ ಕಾಲ, ಮನೆಗೆ ಬಂದ ಟಿ.ವಿ. ಮತ್ತು ಡಿಶ್ಶು. ಮೊದಲ ಅರ್ಧ ಗಂಟೆ ನಾನು ಸಿಟ್ಟಿನಿಂದಲೇ ಕುಳಿತಿದ್ದೆ. ಇದು ನಮ್ಮ ಪುಸ್ತಕವಲ್ಲ ಎನ್ನಿಸಿತು.

ಆಮೇಲೆ ಉಮಾಶ್ರೀ ನನ್ನನ್ನು ಒಲಿಸಿಕೊಂಡರು. ಅವರ ಗುಲಾಬಿಗೆ ಸಿನಿಮಾ ಎಂದರೆ ಉಸಿರು. ಪರದೆಯ ಬೆಳಕು ಬಿದ್ದಾಗ ಆ ಮುಖ ಹೇಗೆ ಅರಳುತ್ತದೆ ಎಂದರೆ, ಅದನ್ನು ನೋಡುತ್ತಾ ನನಗೆ ಕಥೆ ಕೇಳುವ ನಮ್ಮ ಹೆಂಗಸರ ಮುಖಗಳೇ ಕಂಡವು. ಅವಳ ಮನೆಯ ಟಿ.ವಿ.ಯ ಮುಂದೆ ಕೇರಿಯ ಹೆಂಗಸರು ಬಂದು ಕೂರುತ್ತಾರೆ. ಊರಿನಲ್ಲಿ ಮತದ ವಿಷ ಏರುತ್ತಾ ಹೋಗುತ್ತದೆ. ಕೊನೆಗೆ ಅವರ ಮಕ್ಕಳನ್ನು ಹೆರಿಗೆ ಮಾಡಿಸಿದ ಕೈಯವಳನ್ನೇ ದೋಣಿ ಹತ್ತಿಸಿ ಕಳಿಸುತ್ತಾರೆ. ಕಾಸರವಳ್ಳಿಯವರ ಎದುರು ಕುಳಿತ ಜನ ಬೇರೆ, ಕರಾವಳಿ ಬೇರೆ, ಕಾಲ ಬೇರೆ. ಅವರಿಗಾಗಿ ಕಥೆಯ ದನಿ ತಿರುಗಿತು. ಕೇರಿಯ ಆ ಹೆಂಗಸು ಇನ್ನೊಂದು ಸಲ ಓದಿ ಎಂದಾಗ ನಾನು ಕೂಡ ಮೊದಲ ಸಲಕ್ಕಿಂತ ಬೇರೆ ಥರವೇ ಓದಿದ್ದೆನಲ್ಲ, ಅವಳ ಮುಖ ನೋಡಿಕೊಂಡು. ಮನೆಗೆ ಬಂದು ವೈದೇಹಿಯವರ ಕಥೆಯನ್ನು ತೆಗೆದು ಓದಿದೆ. ಲಿಲ್ಲಿಬಾಯಿ ಇದ್ದಲ್ಲಿಯೇ ಇದ್ದಳು, ಕೂದಲೂ ಕೊಂಕಿರಲಿಲ್ಲ. ಈಗ ನನ್ನ ಬಳಿ ಇಬ್ಬರು ಸೂಲಗಿತ್ತಿಯರಿದ್ದಾರೆ. ಫಣಿಯಮ್ಮನನ್ನು ಸೇರಿಸಿದರೆ ಮೂವರು.

ದೊಡ್ಡ ಕಾದಂಬರಿಗಳು ಮಾತ್ರ ಎರಡು ಗಂಟೆಯ ಸಿನಿಮಾದೊಳಗೆ ಉಸಿರು ಕಟ್ಟುತ್ತವೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು 1999ರಲ್ಲಿ ಕಾರ್ನಾಡರು ತೆರೆಗೆ ತಂದರು. ನೋಡಿದೆ, ಮಳೆ ಕಂಡಿತು, ಮನೆ ಕಂಡಿತು, ಪುಸ್ತಕದ ಆ ತುಂಬು ಸಂಸಾರ ಕಾಣಲಿಲ್ಲ. 'ಮಲೆಗಳಲ್ಲಿ ಮದುಮಗಳು' ಇನ್ನೂ ದೊಡ್ಡದು. ಅಲ್ಲಿ ಮುಖ್ಯರು ಅಮುಖ್ಯರು ಎಂಬ ಭೇದವೇ ಇಲ್ಲ ಎಂದು ಕುವೆಂಪು ಮೊದಲೇ ಹೇಳಿಬಿಡುತ್ತಾರೆ. ಹಾಗಿದ್ದ ಮೇಲೆ ಯಾರನ್ನು ಬಿಡುವುದು? ಯಾವ ಪುಟ ಬಿಡುವುದು? ಅದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು ರಂಗಭೂಮಿಯಲ್ಲಿ. ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಆಮೇಲೆ 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ಅದನ್ನು ಇಡೀ ರಾತ್ರಿಯ ನಾಟಕವಾಗಿ ಆಡಿಸಿದರು. ರಂಗರೂಪ ಕೆ.ವೈ. ನಾರಾಯಣಸ್ವಾಮಿಯವರದು, ಸಂಗೀತ ಹಂಸಲೇಖ ಅವರದು. ಸುಮಾರು ಒಂಬತ್ತು ಗಂಟೆ. ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು.

ಕಲಾಗ್ರಾಮದಲ್ಲಿ ಶಾಲು ಹೊದ್ದು, ಫ್ಲಾಸ್ಕಿನಲ್ಲಿ ಕಷಾಯ ಇಟ್ಟುಕೊಂಡು ಕುಳಿತೆ. ಮಧ್ಯರಾತ್ರಿ ಕಳೆದ ಮೇಲೆ ಅಕ್ಕಪಕ್ಕದವರು ಪರಸ್ಪರ ಚಾಪೆ ಹಂಚಿಕೊಂಡರು. ಮಕ್ಕಳು ಮಲಗಿದರು. ಒಬ್ಬ ಹಿರಿಯರು ತೂಕಡಿಸಿ ಎದ್ದು, ಪಕ್ಕದವರನ್ನು "ಐತ ಪೀಂಚಲು ಎಲ್ಲಿಗೆ ಬಂದರು?" ಎಂದು ಪಿಸುದನಿಯಲ್ಲ, ಮನೆಯಲ್ಲಿ ಕೇಳುವಂತೆಯೇ ಕೇಳಿದರು. ಪಕ್ಕದವರು ಹೇಳಿದರು. ಚಪ್ಪರದಡಿಯ ರಾತ್ರಿ ನನಗೆ ಇಪ್ಪತ್ತೈದು ವರ್ಷಗಳ ಮೇಲೆ ತಿರುಗಿ ಸಿಕ್ಕಿತ್ತು. ಬೆಳಗಿನ ಜಾವ ಹತ್ತಿರವಾದಂತೆ ನನಗೆ ಹುಲಿಯನ ಚಿಂತೆ ಹತ್ತಿತು. ಗುತ್ತಿಯ ನಾಯಿ ಹುಲಿಯ, ಉಕ್ಕಿದ ತುಂಗೆಯಲ್ಲಿ ಒಡೆಯನ ದೋಣಿಯ ಹಿಂದೆ ಈಜಿ ಬಂದು ಕೊಚ್ಚಿಹೋಗುವ ಹುಲಿಯ. ಪುಸ್ತಕದಲ್ಲಿ ಆ ಭಾಗ ಬಂದಾಗಲೆಲ್ಲ ನಾನು ಬೇಗ ಬೇಗ ಓದಿ ದಾಟುತ್ತೇನೆ. ಅಲ್ಲಿ ಕುಳಿತು ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಶಾಲನ್ನು ಮುಖದ ಮೇಲೆ ಎಳೆದುಕೊಂಡೆ. ಸುತ್ತಲಿನ ಜನ ಸ್ತಬ್ಧವಾದದ್ದು ಮಾತ್ರ ಶಾಲಿನೊಳಗೂ ಕೇಳಿಸಿತು.

ಯಾರೂ ಓದಿ ಹೇಳುವುದು ಬೇಡ ಎನ್ನಿಸುವ ಪುಸ್ತಕವೂ ನನಗೆ ಒಂದಿದೆ. ತೇಜಸ್ವಿಯವರ 'ಕರ್ವಾಲೊ'. ಅವರ ಬೇರೆ ಕಥೆಗಳನ್ನು ತೆರೆಯ ಮೇಲೆ ನೋಡಿ ಸಂತೋಷಪಟ್ಟಿದ್ದೇನೆ. 'ತಬರನ ಕಥೆ'ಯಲ್ಲಿ ಚಾರುಹಾಸನ್ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನೋಡಿ ಅತ್ತಿದ್ದೇನೆ. 2023ರಲ್ಲಿ 'ಡೇರ್ ಡೆವಿಲ್ ಮುಸ್ತಫಾ'ಕ್ಕೆ ತೇಜಸ್ವಿಯವರ ಓದುಗರೇ ಹಣ ಹಾಕಿ ಸಿನಿಮಾ ಮಾಡಿದರೆಂದು ಕೇಳಿ ಹೆಮ್ಮೆಪಟ್ಟಿದ್ದೇನೆ. ಆದರೆ ಮಂದಣ್ಣ, ಪ್ಯಾರ, ಕಿವಿ ಎಂಬ ನಾಯಿ, ಕರಿಯಪ್ಪ ಇವರೆಲ್ಲ ಕಾಡು ಅಲೆದು ಕೊನೆಗೆ ಆ ಹಾರುವ ಓತಿಯ ಎದುರು ನಿಲ್ಲುವುದು, ಅದು ಅವರ ಕೈಗೆ ಸಿಗದೆ ಕಣಿವೆಯ ಕಡೆಗೆ ತೇಲಿ ಹೋಗುವುದು, ಅದನ್ನು ನಾನು ಎಷ್ಟು ಸಲ ಓದಿದ್ದೇನೋ ಅಷ್ಟು ಸಲವೂ ಆ ಓತಿ ಬೇರೆ ಬಣ್ಣದ್ದಾಗಿತ್ತು. ಕಂಪ್ಯೂಟರಿನಲ್ಲಿ ಬಿಡಿಸಿ ಯಾರಾದರೂ ಅದಕ್ಕೆ ಒಂದೇ ಬಣ್ಣ ಹಚ್ಚಿಬಿಟ್ಟರೆ ಎಂಬ ಭಯ ನನಗೆ. ಮಾಡುವವರು ಮಾಡಲಿ. ನಾನು ಶಾಲು ಒಯ್ಯುತ್ತೇನೆ.

ಈ ವರ್ಷ ಮಳೆಗಾಲದ ಮುಂಚೆ ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಒಂದಷ್ಟು ದಿನ ಓದಬೇಡಿ ಎಂದಿದ್ದರು. ಊರಿನ ಮನೆಯಲ್ಲಿ ಈಗ ಅಡಕೆಯನ್ನು ಯಂತ್ರ ಸುಲಿಯುತ್ತದೆ, ಮೆಟ್ಟುಕತ್ತಿಗಳು ಅಟ್ಟ ಸೇರಿವೆ. ರಾತ್ರಿ ಎಂಟೂವರೆಗೆ ನಾನು ಬೆಂಗಳೂರಿನಿಂದ ಫೋನ್ ಮಾಡಿ ಸ್ಪೀಕರ್ ಹಾಕಿಸಿ ಓದತೊಡಗಿದೆ. ಏನು ಓದಲಿ ಎಂದಾಗ 'ಫಣಿಯಮ್ಮ' ಎಂದಳು. ಗ್ರಂಥಾಲಯದ ಆ ಹಳೆಯ ಪ್ರತಿ ನಮ್ಮದಾಗಿರಲಿಲ್ಲ. ಹೊಸದನ್ನು ಕೊಂಡು ತಂದಿದ್ದೆ, ಅದರ ಹಾಳೆಗಳಲ್ಲಿ ಚೊಗರಿನ ಬೆರಳಚ್ಚುಗಳಿಲ್ಲ.

ನಾಲ್ಕನೆಯ ರಾತ್ರಿ ಆ ಭಾಗ ಹತ್ತಿರ ಬಂದಿತು. ನನ್ನ ಎಡಗೈಯ ಹೆಬ್ಬೆರಳು ಹಾಳೆಯ ಅಂಚಿನ ಮೇಲಿತ್ತು. ನಾನು ಒಂದು ಕ್ಷಣ ನಿಂತಿರಬೇಕು. ಆ ಕಡೆಯಿಂದ ಅಮ್ಮ ಕೇಳಿದಳು, "ಆ ಪುಟ ಬಂತಾ?"

"ಹೌದು" ಎಂದೆ.

"ತಡಿ, ಟಿ.ವಿ. ಬಂದ್ ಮಾಡುತ್ತೇನೆ" ಎಂದಳು. ಚಪ್ಪಲಿಯ ಸದ್ದು ಅತ್ತ ಹೋಗಿ ಇತ್ತ ಬಂದಿತು. ಕುರ್ಚಿ ಎಳೆದುಕೊಂಡದ್ದು ಕೇಳಿಸಿತು. "ಹೂಂ, ಓದು."